ನಿಂತವರ ದಡ

ಒಂದು ಊರು. ಮುಂದೆ ಕಡಲು, ಪಕ್ಕದಲ್ಲಿ ಹೊಳೆ. ಆ ಊರಲ್ಲಿ ಸತ್ತವರನ್ನು ಮಣ್ಣಿಗೆ ಕೊಡುವುದಿಲ್ಲ. ಸುಟ್ಟು, ಬೂದಿಯನ್ನು ಕಡಲಿಗೆ ಕೊಡುತ್ತಾರೆ. ಕೊಟ್ಟ ಮೇಲೆ ಕಡಲು ಒಂದನ್ನು ತಿರುಗಿ ಕೊಡಬೇಕು. ಅದು ಕಟ್ಟಳೆ.

ಏನು ಕೊಡಬೇಕು? ತನ್ನದೇನಾದರೂ. ಒಂದು ಚಿಪ್ಪು. ನೀರು ನೆಕ್ಕಿ ನೆಕ್ಕಿ ನುಣ್ಣಗೆ ಮಾಡಿದ ಒಂದು ಕಲ್ಲು. ಬೆರಳುದ್ದದ ಪಾಚಿಯ ಎಳೆಯಾದರೂ ಸಾಕು. ಅದಕ್ಕೆ ಆ ಊರವರು ಒಪ್ಪಿಗೆ ಅನ್ನುತ್ತಾರೆ. ಒಪ್ಪಿಗೆ ಬಂತು ಎಂದರೆ ಸತ್ತವರನ್ನು ಕಡಲು ಒಳಗೆ ಕರೆದುಕೊಂಡಿತು, ಕೂರಲು ಜಾಗ ಕೊಟ್ಟಿತು ಎಂದು ಅರ್ಥ.

ಒಪ್ಪಿಗೆ ಬರುವ ತನಕ ಅವರು ಒಳಗೆ ಹೋಗುವ ಹಾಗಿಲ್ಲ. ಅಲೆ ಮುರಿಯುವ ಜಾಗದಲ್ಲಿ, ಸೊಂಟದುದ್ದ ನೀರಿನಲ್ಲಿ, ನಿಂತಿರುತ್ತಾರೆ. ಮಳೆಗೂ ನಿಂತಿರುತ್ತಾರೆ. ಬಿಸಿಲಿಗೂ ನಿಂತಿರುತ್ತಾರೆ. ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ನಿಂತಿದ್ದಾರೆ ಎಂದು ಎಲ್ಲರಿಗೂ ಗೊತ್ತು.

ಸತ್ತವರು ನಿಂತಿರುವಾಗ ಅವರ ಕಡೆಯವರು ಕೂರಬಾರದು. ಅದೂ ಕಟ್ಟಳೆಯೇ. ಮಲಗಬಹುದು, ನಡೆಯಬಹುದು, ಕೂರುವ ಹಾಗಿಲ್ಲ. ಊಟ ನಿಂತೇ. ಕೆಲಸ ನಿಂತೇ. ಅಳುವುದೂ ನಿಂತೇ.

ಹಿಂದೆ ಇದು ಒಂದು ದಿನದ ಮಾತಾಗಿತ್ತು. ಬೆಳಕು ಹರಿಯುವಾಗ ದಡದ ಯಜಮಾನ ಶಂಖ ಊದುತ್ತಾನೆ. ಕಾಯುವವರು ಮೊಣಕಾಲುದ್ದ ನೀರಿಗೆ ಇಳಿದು, ಕಡಲಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಸಾಲಾಗಿ ನಿಲ್ಲುತ್ತಾರೆ. ಶಂಖದ ನಂತರ ಕಾಲಿಗೆ ಮೊದಲು ಯಾವುದು ತಾಗಿತೋ ಅದು ಆ ದಿನದ ಪಾಲು. ಬಗ್ಗಿ ಎತ್ತಬೇಕು. ಕಣ್ಣು ಬಿಟ್ಟು ನೋಡಬೇಕು. ಕಡಲಿನದ್ದಾದರೆ ಮನೆಗೆ ತರಬೇಕು. ಮನುಷ್ಯನ ಕೈಯದ್ದಾದರೆ ಎಡ ಹೆಗಲಿನ ಮೇಲಿಂದ ಹಿಂದಕ್ಕೆ ಎಸೆದು, "ನನ್ನದಲ್ಲ" ಎನ್ನಬೇಕು. ದೋಣಿಯ ಮುರಿದ ಹುಟ್ಟು, ಒಡೆದ ಬಿಂದಿಗೆ, ಇಂಥದ್ದು ಆಗ ನೂರಕ್ಕೊಂದು ಬರುತ್ತಿತ್ತು. ಅದು ಎಲ್ಲೋ ಮುಳುಗಿದವರದ್ದು, ಅವರಿಗೇ ಹೋಗಿ ಮುಟ್ಟಲಿ ಎಂದು ಹಿರಿಯರು ಹಾಗೆ ಮಾಡಿದ್ದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಈಗ ಕಡಲು ಕೊಡುವುದು ಪ್ಲಾಸ್ಟಿಕ್ ಮಾತ್ರ. ಯಾವಾಗಿನಿಂದ ಹೀಗಾಯಿತು, ಯಾರಿಗೂ ನೆನಪಿಲ್ಲ. ಬಾಟಲಿ, ಮುಚ್ಚಳ, ತೊಟ್ಟೆ ಎಂಬ ತೆಳು ಚೀಲ, ಒಂಟಿ ಚಪ್ಪಲಿ. ಜನ ಎತ್ತುತ್ತಾರೆ, ನೋಡುತ್ತಾರೆ, ಎಸೆಯುತ್ತಾರೆ. ನನ್ನದಲ್ಲ. ನನ್ನದಲ್ಲ. ನನ್ನದಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ ಈ ಮಾತು ಹೋಗಿ ಮುಗಿಯುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ನಾಳೆ ಮತ್ತೆ ಬರುತ್ತಾರೆ. ಊರಲ್ಲಿ ಕೂರುವವರಿಗಿಂತ ನಿಂತವರೇ ಹೆಚ್ಚಾದರು. ಮದುವೆಯಲ್ಲಿ ನಿಂತೇ ಉಣ್ಣುತ್ತಾರೆ. ಜಗಲಿಗಳ ಮೇಲೆ ಹುಲ್ಲು ಬೆಳೆದಿದೆ. ಬಡಗಿ ಮಣೆ ಮಾಡುವುದನ್ನು ಬಿಟ್ಟು ಊರುಗೋಲು ಮಾಡುತ್ತಾನೆ.

ಇಂಥ ಊರಲ್ಲಿ ಹಗ್ಗದವನ ಹೆಂಡತಿ ಸತ್ತಳು.

ಹಗ್ಗದವನು ಎಂದರೆ ತೆಂಗಿನ ನಾರಿನ ಹಗ್ಗ ಹೊಸೆಯುವವನು. ಅವಳು ಒಂದು ತುದಿಯಲ್ಲಿ ರಾಟೆ ತಿರುಗಿಸುತ್ತಿದ್ದಳು. ಅವನು ಸೊಂಟಕ್ಕೆ ನಾರು ಕಟ್ಟಿಕೊಂಡು, ಅವಳ ಕಡೆ ಮುಖ ಮಾಡಿ, ಹಿಂದೆ ಹಿಂದೆ ನಡೆಯುತ್ತಿದ್ದ. ನಡೆದಷ್ಟೂ ಹಗ್ಗ. ಹಿಂದೆ ಏನಿದೆ ಎಂದು ಅವನಿಗೆ ಕಾಣುವುದಿಲ್ಲ. ಅವಳಿಗೆ ಕಾಣುತ್ತದೆ. "ಕಲ್ಲುಂಟು, ಎಡಕ್ಕೆ ಬನ್ನಿ." "ಕರು ಮಲಗಿದೆ, ನಿಲ್ಲಿ." ಮೂವತ್ತೆಂಟು ವರ್ಷ ಅವಳ ಮಾತಿನ ಮೇಲೆ ಅವನು ಹಿಂದೆ ನಡೆದ. ಒಂದು ಸಲವೂ ಬಿದ್ದಿಲ್ಲ.

ಒಂದು ಮಧ್ಯಾಹ್ನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. ಹುರಿ ಏರುವುದು ನಿಂತಿತು. ಅವನು ಇನ್ನೂ ನಾಲ್ಕು ಹೆಜ್ಜೆ ನಡೆದ. ಆಮೇಲೆ ತಲೆ ಎತ್ತಿ ನೋಡಿದ.

ಅವಳಿಗೆ ಮಂಡಿನೋವು. ರಾಟೆಯನ್ನು ನಿಂತೇ ತಿರುಗಿಸಬೇಕು. ಸಂಜೆಯಾದರೆ "ಒಂದು ಗಳಿಗೆ ಕೂರ್ತೇನೆ" ಎಂದು ಹೊಸ್ತಿಲಲ್ಲಿ ಕೂರುವಳು. ಕೂರುವಾಗ ಅವಳ ಬಾಯಿಂದ "ಅಬ್ಬ" ಎಂದು ಒಂದು ಮಾತು ಬರುತ್ತಿತ್ತು. ದಿನದ ಎಲ್ಲ ಮಾತಿಗಿಂತ ಆ ಮಾತು ಅವನಿಗೆ ಇಷ್ಟ. ಅವಳು ಕೂತಳು ಎಂದರೆ ದಿನ ಮುಗಿಯಿತು.

ಬೂದಿ ತುಂಬಲು ಮಡಕೆ ಸಿಗಲಿಲ್ಲ. ಕುಂಬಾರ ಊರು ಬಿಟ್ಟು ಬಹಳ ಕಾಲ. ಎಲ್ಲರೂ ಮಾಡುವ ಹಾಗೆ ಅವನೂ ಪ್ಲಾಸ್ಟಿಕ್ ತೊಟ್ಟೆಯಲ್ಲಿ ತುಂಬಿದ. ಬಾಯಿ ಬಿಗಿದು ತನ್ನ ಗಂಟು ಹಾಕಿದ. ಹಗ್ಗದವರ ಗಂಟು, ಎಳೆದಷ್ಟೂ ಬಿಗಿ. ನೀರಲ್ಲಿ ನಿಂತಾಗ ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ತೂತು ಮಾಡಿದ. ಬೂದಿ ಹೋಯಿತು. ಬಾಯಿಗೂ ಸ್ವಲ್ಪ ಬಂತು. ತೊಟ್ಟೆ ಕೈಯಿಂದ ಜಾರಿತು. ಅವನು ಅದನ್ನು ನೋಡಲೂ ಇಲ್ಲ.

ಮರುದಿನ ಶಂಖ ಊದಿದಾಗ ಅವನು ಸಾಲಿಗೆ ಸೇರಿದ. ಅವನ ಬಲಕ್ಕೆ ಒಬ್ಬಳು ಅಜ್ಜಿ. ಅವಳು ಮಗನಿಗಾಗಿ ಹನ್ನೊಂದು ವರ್ಷದಿಂದ ನಿಂತವಳು. ಸಾಲಿನಲ್ಲಿ ಅವಳಿಗಿಂತ ಹಳಬರಿಲ್ಲ. ಕಣ್ಣು ಮುಚ್ಚಿಕೊಂಡೇ ಅವಳು ಮಾತಾಡುತ್ತಾಳೆ.

"ಹೊಸಬನಾ? ಕಾಲು ಅಗಲ ಮಾಡಿ ನಿಲ್ಲು ಮಾರಾಯ. ಇಲ್ಲದಿದ್ರೆ ನಿನ್ನ ಪಾಲು ನಡುವೆ ತೂರಿ ಹೋಗ್ತದೆ."

ಅವನ ಕಾಲಿಗೆ ಏನೋ ತಾಗಿತು. ಎತ್ತಿದ. ಬಾಚಣಿಗೆ.

"ಎಂತ ಬಂತು?" ಅಜ್ಜಿ ಕೇಳಿದಳು.

"ಬಾಚಣಿಗೆ, ದೊಡ್ಡಮ್ಮ."

"ನಿನ್ನ ತಲೆಯಲ್ಲಿ ಒಂದು ಕೂದಲಿಲ್ಲ. ಕಡಲಿಗೂ ತಮಾಷೆ ನೋಡು."

ಅವನು ಹಿಂದಕ್ಕೆ ಎಸೆದ. "ನನ್ನದಲ್ಲ."

"ಜೋರು ಹೇಳು. ಅವಳಿಗೆ ಕೇಳ್ಬೇಕಲ್ಲ, ನೀನು ಬಂದಿದ್ದೀ ಅಂತ."

ಎರಡನೆಯ ದಿನ ಶಾಂಪೂ ಪೊಟ್ಟಣ. ಮೂರನೆಯ ದಿನ ಬೊಂಬೆಯ ಕೈ. ಆಮೇಲೆ ನೈಲಾನ್ ಬಲೆಯ ತುಂಡು, ಪೆನ್ನಿನ ಮುಚ್ಚಳ, ಮತ್ತೆ ಪೊಟ್ಟಣ. ಬೆಳಿಗ್ಗೆ ಎಸೆದು ಬಂದು, ಅವನು ಖಾಲಿ ರಾಟೆಯ ಹತ್ತಿರ ನಿಲ್ಲುವನು. ಗಂಜಿಯನ್ನು ನಿಂತೇ ಕುಡಿಯುವನು. ಅವಳು ಅಲ್ಲಿ ನಿಂತಿದ್ದಾಳೆ, ನೀರು ಸೊಂಟಕ್ಕೆ ಬಡಿಯುತ್ತಿದೆ, ಮಂಡಿಗೆ ಎಣ್ಣೆ ಹಚ್ಚುವವರಿಲ್ಲ. ಇದೊಂದೇ ಯೋಚನೆ. ಅವಳನ್ನು ಕೂರಿಸಬೇಕು. ಬೇರೆ ಏನೂ ಬೇಡ. ಒಂದು ಸಲ ಕೂತುಬಿಟ್ಟರೆ ಸಾಕು.

ಹತ್ತೊಂಬತ್ತನೆಯ ದಿನ ಕಾಲಿಗೆ ಮೆತ್ತಗೆ ಏನೋ ಸುತ್ತಿಕೊಂಡಿತು. ಎತ್ತಿದ. ತೊಟ್ಟೆ. ಬಾಯಿಗೆ ಗಂಟು. ಪಕ್ಕದಲ್ಲಿ ಹಲ್ಲಿನ ತೂತು.

ಅವನು ತೊಟ್ಟೆ ಹಿಡಿದುಕೊಂಡೇ ಇದ್ದ. ಸಾಲಿನಲ್ಲಿ ಎಲ್ಲರದ್ದೂ ಮುಗಿಯಿತು. ದಡದ ಯಜಮಾನ ಕೆಮ್ಮಿದ. ಯಜಮಾನನ ಕೆಮ್ಮಿಗೆ ಒಂದು ಅರ್ಥವಿದೆ. ಮನುಷ್ಯನ ಕೈಯದ್ದನ್ನು ಎಸೆಯದೆ ಇಟ್ಟುಕೊಂಡರೆ, ಕಡಲು ಅದನ್ನೇ ಒಪ್ಪಿಗೆ ಎಂದು ತಿಳಿದುಕೊಳ್ಳುತ್ತದೆ. ಅಲ್ಲಿಗೆ ಕೊಡುವುದು ಮುಗಿಯಿತು. ದಡದಲ್ಲಿದ್ದವರು ಇನ್ನು ಕೂರಬಹುದು. ನೀರಿನಲ್ಲಿದ್ದವರು ಕಡೆತನಕ ನಿಂತೇ ಇರಬೇಕು. ಹಾಗಾಗಿ ಯಾರೂ ಏನನ್ನೂ ಇಟ್ಟುಕೊಳ್ಳುವುದಿಲ್ಲ.

ಹಗ್ಗದವನು ತೊಟ್ಟೆಯನ್ನು ಹಿಂದಕ್ಕೆ ಎಸೆದ.

"ನನ್ನದಲ್ಲ" ಎಂದ.

ದಡಕ್ಕೆ ಬಂದಾಗ ಅಜ್ಜಿ ಕೋಲೂರಿ ನಿಂತು ಕಾಯುತ್ತಿದ್ದಳು.

"ನಾನು ಕಣ್ಣು ಬಿಟ್ಟು ನೋಡಿದೆ. ತಪ್ಪು, ಗೊತ್ತುಂಟು. ಆದ್ರೂ ನೋಡಿದೆ."

ಅವನು ಪಂಚೆಯ ನೀರು ಹಿಂಡಿದ.

"ನಮ್ಮ ಬಾವಿಯ ಹಗ್ಗ ನಿಂದೇ. ನಿನ್ನ ಗಂಟು ನಂಗೆ ಗೊತ್ತಾಗುದಿಲ್ವಾ?"

"ಸುಳ್ಳು ಹೇಳಿದೆ, ದೊಡ್ಡಮ್ಮ. ಅವಳ ಎದುರಿಗೇ ಹೇಳಿದೆ."

"ಅಳ್ಬೇಡ. ಈ ಸಾಲಲ್ಲಿ ಸುಳ್ಳು ಹೇಳದವರು ಯಾರುಂಟು? ನನ್ನ ಮಗನ ಚಪ್ಪಲಿ ಮೂರು ಸಲ ಬಂದಿದೆ. ಹಿಮ್ಮಡಿ ಸವೆದದ್ದು ಅವನದ್ದೇ. ಎಳೆದು ಎಳೆದು ನಡೆಯುವ ಸೋಮಾರಿ ಅವ. ಮೂರು ಸಲವೂ ನನ್ನದಲ್ಲ ಅಂದೆ." ಅವಳು ಕಡಲಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ನಾವು ಎಸೀತೇವೆ, ಅದು ತರ್ತದೆ. ಅದು ತರ್ತದೆ, ನಾವು ಎಸೀತೇವೆ. ಅದರ ಕೈಯಲ್ಲಿ ಖಾಲಿ ಜಾಗ ಎಲ್ಲುಂಟು, ಒಂದು ಚಿಪ್ಪು ಹಿಡಿಲಿಕ್ಕೆ?"

ಹಗ್ಗದವನು ಅವತ್ತು ಮನೆಗೆ ಹೋಗಲಿಲ್ಲ. ದಡದ ಯಜಮಾನನ ಹತ್ತಿರ ಹೋದ.

"ಯಜಮಾನ್ರೇ, ಕಾಲಿಗೆ ತಾಗಿದ್ದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಸರಿ. ಮರಳಿನ ಮೇಲೆ ಬಿದ್ದದ್ದನ್ನು ಕೈಯಿಂದ ಹೆಕ್ಕಬಹುದಾ?"

ಯಜಮಾನ ಶಂಖವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. ನಿಲ್ಲಿಸಿದ. "ಯಾಕೆ?"

"ಹೆಕ್ಕಬಹುದಾ ಅಂತ ಕೇಳಿದೆ."

"ಇದನ್ನು ಹಿಂದೆ ಯಾರೂ ಕೇಳ್ಲಿಲ್ಲ." ಅವನು ಯೋಚಿಸಿದ. "ಕಡಲು ಕೊಟ್ಟದ್ದು ಅಂದ್ರೆ ಕಾಲಿಗೆ ತಾಗಿದ್ದು ಮಾತ್ರ. ಉಳಿದದ್ದು ಕಸ. ಹೆಕ್ಕುದಾದ್ರೆ ಹೆಕ್ಕು. ಆದ್ರೆ ಹೆಕ್ಕಿ ಎಲ್ಲಿಗೆ ಹಾಕ್ತಿ?"

ಹೆಕ್ಕಿ ಎಲ್ಲಿಗೆ ಹಾಕುವುದು? ಅದು ಅವನಿಗೆ ಗೊತ್ತಿರಲಿಲ್ಲ. ಆದರೂ ಹೆಕ್ಕಿದ. ಬೆಳಿಗ್ಗೆ ಸಾಲಿನಲ್ಲಿ ಒಂದು ಎಸೆಯುವನು, ಸಂಜೆಯ ತನಕ ಸಾವಿರ ಹೆಕ್ಕುವನು. ಜನ ನೋಡಿ ನಕ್ಕರು. "ಹೆಂಡತಿ ಹೋದ ಮೇಲೆ ಗುಡಿಸುವ ಕೆಲಸ ಹಿಡಿದ" ಎಂದರು. ಏಳು ದಿನಕ್ಕೆ ಒಂದು ರಾಶಿಯಾಯಿತು. ಬೆಂಕಿ ಕೊಟ್ಟ. ಕಪ್ಪು ಹೊಗೆ ಊರಿನ ಮೇಲೆ ಮೂರು ದಿನ ಕೂತಿತು. ಊರಲ್ಲಿ ಕೂತದ್ದು ಅದೊಂದೇ. ಮಕ್ಕಳು ಕೆಮ್ಮಿದರು, ಜನ ಬಂದು ಬೈದರು. ಮುಂದಿನ ರಾಶಿಯನ್ನು ಹೊಂಡ ತೋಡಿ ಮುಚ್ಚಿದ. ಅಕಾಲದ ಒಂದು ಮಳೆಗೆ ಹೊಂಡದ ಬಾಯಿ ತೆರೆಯಿತು. ಎಲ್ಲ ತೇಲಿಕೊಂಡು, ಒಂದರ ಹಿಂದೆ ಒಂದು, ದಿಬ್ಬಣದ ಹಾಗೆ ಕಡಲಿಗೆ ಹೋಯಿತು. ಅವನು ದಡದಲ್ಲಿ ನಿಂತು ನೋಡಿದ.

"ಬಟ್ಟಲಿಗೆ ಸೌಟಿನಿಂದ ಬೀಳ್ತಾ ಉಂಟು," ಅಜ್ಜಿ ಹೇಳಿದಳು. "ನೀನು ಬಟ್ಟಲನ್ನು ಚಮಚದಲ್ಲಿ ಖಾಲಿ ಮಾಡ್ತಾ ಇದ್ದೀ. ಸೌಟು ಹಿಡಿ ಮಾರಾಯ."

ಸೌಟು ಎಂದರೆ ಹೊಳೆ. ಮೇಲಿನ ಊರುಗಳದ್ದೆಲ್ಲ ಹೊಳೆಯಲ್ಲಿ ಬರುತ್ತದೆ. ಹೊಳೆಯ ಬಾಯಿಗೆ ಬಲೆ ಕಟ್ಟಬೇಕು ಎಂದಾಯಿತು. ನೈಲಾನ್ ಬೇಡ, ಅದು ಹರಿದರೆ ಅದೇ ಕಸ. ನಾರಿನ ಹಗ್ಗವೇ ಆಗಬೇಕು. ರಾಟೆ ತಿರುಗಿಸಲು ಅಜ್ಜಿ ಬಂದಳು. ಹೇಗೂ ನಿಂತವಳು. ಹಗ್ಗದವನು ಹಿಂದೆ ನಡೆಯಲು ಹೆದರಿದ.

"ನಡಿ. ನಾನು ನೋಡ್ತೇನೆ."

"ನಿಮಗೆ ಕಣ್ಣು ಕಾಣ್ತದಾ ದೊಡ್ಡಮ್ಮ?"

"ಅರ್ಧ ಕಾಣ್ತದೆ. ಅರ್ಧ ಬೀಳು."

ಅವನು ಎರಡು ಸಲ ಬಿದ್ದ. ಒಂದು ಸಲ ನಾಯಿಯ ಮೇಲೆ. ಅಜ್ಜಿ ನಕ್ಕಳು, ನಾಯಿ ಬೈದಿತು. ಬಹಳ ದಿನದ ಮೇಲೆ ಅವನಿಗೂ ನಗು ಬಂತು. ಬಂದದ್ದಕ್ಕೆ ನಾಚಿಕೆಯಾಯಿತು.

ಇಪ್ಪತ್ತು ದಿನಕ್ಕೆ ಬಲೆ ಆಯಿತು. ಸಾಲಿನಿಂದ ಆರು ಜನ ಬಂದು ಕಟ್ಟಲು ಕೈ ಜೋಡಿಸಿದರು. ದಿನಕ್ಕೆ ಮೂರು ಸಲ ಬಲೆ ತುಂಬುತ್ತಿತ್ತು. ಮೂರು ಸಲ ಖಾಲಿ ಮಾಡಿದರು. ತೆಗೆದದ್ದನ್ನು ಪಾಳು ಬಿದ್ದ ಒಂದು ಕಲ್ಲಿನ ಕೋಣೆಗೆ ತುಂಬಿ ಬಾಗಿಲು ಹಾಕಿದರು. ಕೋಣೆ ತುಂಬಿದ ಮೇಲೆ ಇನ್ನೊಂದು. ಅಜ್ಜಿ ಅಂಗಡಿಗೆ ಹೋಗಿ ನಿಂತಳು.

"ಸಕ್ಕರೆ ಎಲೆಯಲ್ಲಿ ಕಟ್ಟಿ ಕೊಡು."

"ಎಲೆಯಲ್ಲಿ ಕಟ್ಲಿಕ್ಕೆ ನಂಗೆ ಬರುದಿಲ್ಲ ಅಜ್ಜಿ," ಅಂಗಡಿಯವನು ಹೇಳಿದ. "ತೊಟ್ಟೆಯಲ್ಲಿ ಆದ್ರೆ ಈಗ್ಲೇ ಕೊಡ್ತೇನೆ."

"ನಿನ್ನ ಅಜ್ಜ ಎಲೆಯಲ್ಲೇ ಕಟ್ಟುತ್ತಿದ್ದ. ಎಣ್ಣೆಗೆ ನಾವು ಕುಪ್ಪಿ ತರ್ತಿದ್ದೆವು. ಕಲಿ. ನಾನು ನಿಂತಿರ್ತೇನೆ. ನಿಲ್ಲುದ್ರಲ್ಲಿ ನನ್ನನ್ನು ಸೋಲಿಸುವವರು ಈ ಊರಲ್ಲಿ ಇಲ್ಲ."

ಮೂರು ದಿನ ನಿಂತಳು. ನಾಲ್ಕನೆಯ ದಿನ ಅವನು ಎಲೆಯಲ್ಲಿ ಕಟ್ಟಿದ. ಸೋರಿತು. ಐದನೆಯ ದಿನ ಸೋರಲಿಲ್ಲ.

ಹೊಸದಾಗಿ ಬೂದಿ ತರುವವರಿಗೆ ಹಗ್ಗದವನು ನಾರಿನ ಚೀಲ ಹೆಣೆದು ಕೊಟ್ಟ. ಗಂಟು ಮಾತ್ರ ಹಾಕಲಿಲ್ಲ.

ಹೀಗೆ ಒಂದು ಬೇಸಿಗೆ ಹೋಯಿತು. ಆದರೂ ಕಾಲಿಗೆ ಬಂದದ್ದು ಬಾಟಲಿ, ಮುಚ್ಚಳ, ತೊಟ್ಟೆ. ಒಬ್ಬನಿಗೆ ಒಂದು ದಿನ ಏಡಿ ಬಂತು. ಚಿಪ್ಪಿನೊಳಗೆ ಮನೆ ಮಾಡುವ ಜಾತಿಯ ಸಣ್ಣ ಏಡಿ. ಚಿಪ್ಪು ಸಿಗದೆ ಬಾಟಲಿಯ ಮುಚ್ಚಳವನ್ನು ಹೊತ್ತುಕೊಂಡಿತ್ತು. ಇದು ಕಡಲಿನದ್ದೋ ಮನುಷ್ಯನದ್ದೋ? ಎಲ್ಲರೂ ಯಜಮಾನನ ಮುಖ ನೋಡಿದರು. ಯಜಮಾನ ಏಡಿಯ ಮುಖ ನೋಡಿದ.

"ಒಳಗಿರುವವ ಕಡಲಿನವ," ಎಂದ. "ಮನೆ ನಮ್ಮದು. ನಂಗೆ ಗೊತ್ತಾಗುದಿಲ್ಲ ಮಾರಾಯ. ನಾನು ಶಂಖ ಊದುವವ ಅಷ್ಟೇ."

ಏಡಿಯನ್ನು ಮೆಲ್ಲಗೆ ನೀರಿಗೆ ಬಿಟ್ಟರು. ನನ್ನದಲ್ಲ ಎಂದು ಹೇಳಲು ಆ ಮನುಷ್ಯನಿಗೆ ಬಾಯಿ ಬರಲಿಲ್ಲ.

ದೂರಕ್ಕೆ ಹೋಗುವ ದೋಣಿಯವನು ಒಂದು ದಿನ ದಡಕ್ಕೆ ಬಂದ. ಬಲೆ ನೋಡಿ, ತಲೆ ಕೆರೆದುಕೊಂಡ.

"ಒಳ್ಳೇದೇ. ಆದ್ರೆ ಅಲ್ಲಿ ಒಳಗೆ, ನೆಲ ಕಾಣದಲ್ಲಿ, ಇದರದ್ದೇ ಒಂದು ಗುಡ್ಡೆ ತೇಲ್ತಾ ಉಂಟು. ಹಕ್ಕಿಗಳು ಅದರ ಮೇಲೆ ಮೊಟ್ಟೆ ಇಡ್ತವೆ. ಮರಿಗೆ ಅದನ್ನೇ ತಿನ್ನಿಸ್ತವೆ. ನಿಮ್ಮ ಅಜ್ಜಂದಿರು ಎಸೆದದ್ದು, ನಮ್ಮ ಅಜ್ಜಂದಿರು ಎಸೆದದ್ದು, ಎಲ್ಲ ಅಲ್ಲಿ ಉಂಟು. ನೀವು ಇವತ್ತು ಹೊಳೆ ಮುಚ್ಚಿದ್ರೂ ಅದು ಬರ್ತಾನೇ ಇರ್ತದೆ."

"ಎಷ್ಟು ಕಾಲ?" ಹಗ್ಗದವನು ಕೇಳಿದ.

ದೋಣಿಯವನು ಕಡಲನ್ನು ನೋಡಿದ, ಹಗ್ಗದವನನ್ನು ನೋಡಿದ. "ನಿಮಗೆ ಎಷ್ಟು ಪ್ರಾಯ?" ಎಂದ. ಉತ್ತರಕ್ಕೆ ಕಾಯಲಿಲ್ಲ.

ಮಳೆಗಾಲದ ಮೊದಲ ನೆರೆಗೆ ಬಲೆ ಹರಿಯಿತು. ಮತ್ತೆ ಹೊಸೆದರು, ಮತ್ತೆ ಕಟ್ಟಿದರು. ಮತ್ತೆ ಹರಿಯಿತು. ಆರು ಜನರಲ್ಲಿ ಮೂವರು ಬಿಟ್ಟು ಹೋದರು. ಹಗ್ಗದವನು ಮೂರನೆಯ ಬಲೆಗೆ ನಾರು ನೆನೆಹಾಕಿದ.

ಆಗಲೇ ಅಜ್ಜಿ ಆ ಕೆಲಸ ಮಾಡಿದ್ದು.

ಒಂದು ಬೆಳಿಗ್ಗೆ ಅವಳ ಕಾಲಿಗೆ ಬಾಟಲಿ ತಾಗಿತು. ಹಸಿರು ಬಾಟಲಿ, ಬುಡದಲ್ಲಿ ಸ್ವಲ್ಪ ಮರಳು. ಎತ್ತಿದಳು. ನೋಡಿದಳು. ಎಸೆಯಲಿಲ್ಲ.

"ನನ್ನದೇ," ಎಂದಳು.

ಸಾಲು ಕಣ್ಣು ಬಿಟ್ಟಿತು. ಅಜ್ಜಿ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನೀರಿನಿಂದ ಮೇಲೆ ನಡೆದಳು. ಒಣ ಮರಳಿನ ತನಕ ನಡೆದಳು. ಕೋಲನ್ನು ಪಕ್ಕಕ್ಕೆ ಇಟ್ಟಳು. ಕೂತಳು. ಹನ್ನೊಂದು ವರ್ಷ ದಾಟಿದ ಮೇಲೆ ಕೂತಳು. ಬೆನ್ನು ಮಡಚಲು ಮರೆತುಹೋಗಿತ್ತು. ಎರಡು ಸಲ ಪ್ರಯತ್ನಪಟ್ಟು ಕೂತಳು.

ಯಜಮಾನ ಓಡಿ ಬಂದ. "ಎಂತ ಮಾಡಿದಿ ಮಾರಾಯ್ತಿ! ನಿನ್ನ ಮಗ ಇನ್ನು ಯಾವತ್ತೂ ಒಳಗೆ ಹೋಗ್ಲಿಕ್ಕಿಲ್ಲ!"

"ಗೊತ್ತುಂಟು."

"ಹೆತ್ತವಳು ಮಾಡುವ ಕೆಲಸವಾ ಇದು?"

"ಹೆತ್ತವಳೇ ಮಾಡ್ಬೇಕು. ಬೇರೆಯವರು ಯಾರು ಮಾಡ್ತಾರೆ?" ಅವಳು ಬಾಟಲಿಯ ಮರಳನ್ನು ಕೆಳಗೆ ಸುರಿದಳು. "ಒಂದಾದ್ರೂ ತಿರುಗಿ ಕಡಲಿಗೆ ಹೋಗುದು ತಪ್ಪಲಿ. ನನ್ನವ ನಿಲ್ಲಲಿ. ಅವನಿಗೆ ಪ್ರಾಯ ಉಂಟು, ಕಾಲಲ್ಲಿ ಬಲ ಉಂಟು. ಅಲ್ಲಿ ನಿಂತ ಇನ್ನೊಬ್ಬರ ಮನೆಯ ಮುದುಕಿ ಕೂರ್ಲಿ."

ಇಷ್ಟು ಹೇಳಿ ಅವಳು ಕಡಲನ್ನು ನೋಡಿದಳು. ಗಟ್ಟಿ ಹೆಂಗಸು. ಆದರೂ ಸೆರಗಿನಿಂದ ಮುಖ ಒರೆಸಿದಳು. ಆಮೇಲೆ ಅವಳು ಬಹಳ ದಿನ ಬದುಕಲಿಲ್ಲ. ಕೂತಲ್ಲೇ ಹೋದಳು. ಅವಳಿಗಾಗಿ ಸಾಲಿನಲ್ಲಿ ನಿಲ್ಲಲು ಯಾರೂ ಇರಲಿಲ್ಲ. ಹಗ್ಗದವನು ಬೂದಿಯನ್ನು ಕಡಲಿಗೆ ಬಿಟ್ಟ. "ಮಗನ ಪಕ್ಕದಲ್ಲಿ ನಿಂತಿರ್ತಾಳೆ ಬಿಡು" ಎಂದು ಯಜಮಾನ ಹೇಳಿದ. ಅವನ ಸ್ವರದಲ್ಲಿ ಕೋಪ ಇರಲಿಲ್ಲ.

ಅವಳ ಹಿಂದೆ ಏಳು ಜನ "ನನ್ನದೇ" ಎಂದರು. ಬೇರೆ ಬೇರೆ ದಿನ, ಒಬ್ಬೊಬ್ಬರೇ, ಮೆಲ್ಲಗೆ. ಕೈಯಲ್ಲಿದ್ದದ್ದನ್ನು ತಂದು ಕಲ್ಲಿನ ಕೋಣೆಗೆ ಹಾಕಿ, ಹೊರಗೆ ಕೂತು ಅತ್ತರು. ಉಳಿದವರು ಅವರನ್ನು ಕೊಲೆಗಡುಕರು ಎಂದು ಬೈದರು. ಏಳೇ ಜನ. ಸಾಲಿನಲ್ಲಿ ನೂರಕ್ಕೆ ಹತ್ತಿರ ಜನ.

ಹಗ್ಗದವನು ಪ್ರತಿ ದಿನ ಬಾಯಿ ತೆರೆದ. ಪ್ರತಿ ದಿನ ಬಾಯಿಂದ ಬಂದದ್ದು ಹಳೆಯ ಮಾತೇ. ನನ್ನದಲ್ಲ. ಅಜ್ಜಿಯ ಮಗನಿಗೆ ಕಾಲಲ್ಲಿ ಬಲವಿತ್ತು. ತನ್ನ ಹೆಂಡತಿಗೆ ಮಂಡಿನೋವು. ಕಡೆತನಕ ನಿಲ್ಲು ಎಂದು ಅವಳಿಗೆ ಹೇಳಲು ಅವನಿಂದ ಆಗಲಿಲ್ಲ. ಒಂದು ಎಸೆದು, ಸಾವಿರ ಹೆಕ್ಕಿದ. ಅಷ್ಟೇ ಅವನಿಂದ ಆದದ್ದು.

ಎರಡನೆಯ ವರ್ಷ, ಅಜ್ಜಿ ನಿಲ್ಲುತ್ತಿದ್ದ ಜಾಗಕ್ಕೆ ಒಬ್ಬಳು ಬಾಣಂತಿ ಬಂದಳು. ತಲೆಗೆ ಬಟ್ಟೆ ಕಟ್ಟಿತ್ತು. ಎದೆಯ ಮೇಲೆ ಹಾಲಿನ ಕಲೆ ಒದ್ದೆಯಾಗಿತ್ತು. ಅವಳು ಶಂಖಕ್ಕೆ ಮೊದಲು ಯಜಮಾನನನ್ನು ಕೇಳಿದಳು.

"ಒಪ್ಪಿಗೆ ಬರುವ ತನಕ ನಿಂತಿರ್ಬೇಕು ಅಲ್ವಾ?"

"ಹೌದಮ್ಮ."

"ನನ್ನ ಕೂಸಿಗೆ ನಿಲ್ಲಿಕ್ಕೆ ಬರುದಿಲ್ಲ. ಕುತ್ತಿಗೆಯೇ ಇನ್ನೂ ನೆಟ್ಟಗಾಗಿರ್ಲಿಲ್ಲ. ಅದು ಹೇಗೆ ನಿಲ್ತದೆ?"

ಯಜಮಾನ ಶಂಖವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಆ ಕೈಯಿಂದ ಈ ಕೈಗೆ ಬದಲಿಸಿದ.

"ನನ್ನ ಹೆಂಡತಿ ಅಲ್ಲೇ ಇದ್ದಾಳೆ," ಹಗ್ಗದವನು ಹೇಳಿದ. "ಎತ್ತಿಕೊಂಡಿರ್ತಾಳೆ."

ಬಾಣಂತಿ ಅವನ ಕಡೆ ತಿರುಗಿದಳು. "ಅವರಿಗೆ ಮಕ್ಕಳು ಉಂಟಾ? ಎತ್ತಿಕೊಳ್ಲಿಕ್ಕೆ ಗೊತ್ತುಂಟಾ?"

"ನಮಗೆ ಆಗ್ಲಿಲ್ಲ. ಆದ್ರೆ ಯಾರ ಮನೆಯಲ್ಲಿ ಕೂಸು ಅತ್ರೂ ಅವಳು ರಾಟೆ ಬಿಟ್ಟು ಓಡ್ತಿದ್ಲು. ಎಡ ಸೊಂಟದ ಮೇಲೆ ಇಟ್ಟುಕೊಳ್ತಾಳೆ. ಕುತ್ತಿಗೆಗೆ ಕೈ ಕೊಡ್ತಾಳೆ."

"ಕುತ್ತಿಗೆಗೆ ಕೊಡ್ಬೇಕು."

"ಕೊಡ್ತಾಳಮ್ಮ."

ಬಾಣಂತಿ ಸ್ವಲ್ಪ ಸಮಾಧಾನದಿಂದ ಕಣ್ಣು ಮುಚ್ಚಿದಳು. ಹಗ್ಗದವನಿಗೆ ಸಮಾಧಾನ ಹೋಯಿತು. ಎರಡು ನೋಯುವ ಮಂಡಿ. ಅದರ ಮೇಲೆ ಈಗ ಒಂದು ಕೂಸು. ಬೇಡ ಅನ್ನುವವಳಲ್ಲ ಅವಳು. ಕೆಳಗೆ ಇಡಲು ಅಲ್ಲಿ ನೆಲವೂ ಇಲ್ಲ.

ಬಾಣಂತಿ ನಲವತ್ತು ದಿನ ನಿಂತಳು. ಅವಳಿಗೆ ಹಾಲಿನ ಪೊಟ್ಟಣ ಬಂತು, ಗಿಲಕಿಯ ತುಂಡು ಬಂತು, ಔಷಧದ ಡಬ್ಬಿ ಬಂತು. ಎಸೆಯುವಾಗ ಅವಳು ಜೋರಾಗಿ ಎಸೆಯುತ್ತಿರಲಿಲ್ಲ, ಕೂಸಿಗೆ ತಾಗೀತು ಎಂದು. ಪ್ರತಿ ದಿನ ನೀರಿನಿಂದ ಮೇಲೆ ಬಂದು ಹಗ್ಗದವನನ್ನು ಕೇಳುವಳು, "ಇನ್ನೂ ಎತ್ತಿಕೊಂಡಿದ್ದಾರಲ್ಲ?" ಅವನು ಹೇಳುವನು, "ಎತ್ತಿಕೊಂಡಿದ್ದಾಳೆ."

ನಲವತ್ತೊಂದನೆಯ ದಿನ ಗಾಳಿ ಇರಲಿಲ್ಲ. ಮೂರನೆಯ ಬಲೆ ಹೊಳೆಯ ಬಾಯಲ್ಲಿ ನಿಂತಿತ್ತು. ಶಂಖ ಮೊಳಗಿತು. ಸಾಲು ಕಣ್ಣು ಮುಚ್ಚಿತು. ಸಾಲಿನ ಆ ತುದಿಯಿಂದ ಒಬ್ಬೊಬ್ಬರದ್ದೇ ಸ್ವರ ಕೇಳಿತು. ನನ್ನದಲ್ಲ. ನನ್ನದಲ್ಲ.

ಹಗ್ಗದವನ ಬಲಗಾಲಿಗೆ ಏನೋ ತಾಗಿತು.

ತಣ್ಣಗಿತ್ತು. ತೂಕವಿತ್ತು. ಪ್ಲಾಸ್ಟಿಕ್‌ಗೆ ಆ ತಂಪು ಇಲ್ಲ, ಆ ತೂಕ ಇಲ್ಲ. ಹೆಬ್ಬೆರಳಿನಿಂದ ಸವರಿದ. ಒಂದು ಕಡೆ ನುಣುಪು. ಇನ್ನೊಂದು ಕಡೆ ಸಾಲು ಸಾಲು ಗೆರೆ, ಹೊಸೆದ ಹುರಿಯ ಹಾಗೆ. ಅಂಚು ಬೆರಳಿಗೆ ಸ್ವಲ್ಪ ಚುಚ್ಚಿತು.

ಚಿಪ್ಪು.

ಅಲೆ ಹಿಂದೆ ಎಳೆಯುತ್ತಿತ್ತು. ಹೋಗದ ಹಾಗೆ ಅದನ್ನು ಅಂಗಾಲಿನ ಕೆಳಗೆ ಒತ್ತಿ ಹಿಡಿದ. ಎರಡು ವರ್ಷ. ಈಗ ಬಗ್ಗಬೇಕು, ಎತ್ತಬೇಕು, ಮನೆಗೆ ನಡೆಯಬೇಕು. ಅವಳು ಒಳಗೆ ಹೋಗುತ್ತಾಳೆ. ಕೂರುತ್ತಾಳೆ. ಅಬ್ಬ ಅನ್ನುತ್ತಾಳೆ.

ಅವಳು ಒಳಗೆ ಹೋದರೆ ಕೂಸನ್ನು ಯಾರ ಕೈಗೆ ಕೊಡುತ್ತಾಳೆ?

ಅವನು ಬಗ್ಗಲಿಲ್ಲ. ಇನ್ನೊಂದು ಅಲೆ ಬಂತು, ಹೋಯಿತು. ಅವಳನ್ನು ಅವನು ಬಲ್ಲ. ಕೂಸನ್ನು ನೀರಿನಲ್ಲಿ ಬಿಟ್ಟು ಅವಳು ಕೂರುವುದಿಲ್ಲ. ಕಡಲು ಬಾ ಎಂದರೂ, "ಒಂದು ಗಳಿಗೆ ನಿಲ್ಲಿ" ಎನ್ನುತ್ತಾಳೆ. ಕಡಲು ಎಷ್ಟು ಗಳಿಗೆ ನಿಲ್ಲುತ್ತದೆ?

"ಇವತ್ತು ಇನ್ನೂ ಎಂತದೂ ಬರ್ಲಿಲ್ಲ," ಪಕ್ಕದಲ್ಲಿ ಬಾಣಂತಿ ತನ್ನಷ್ಟಕ್ಕೆ ಹೇಳಿಕೊಂಡಳು.

ಹಗ್ಗದವನು ಕಣ್ಣು ಬಿಡಲಿಲ್ಲ. ಕಾಲನ್ನು ಮರಳಿನ ಮೇಲೆ ಮೆಲ್ಲಗೆ ಬಲಕ್ಕೆ ಎಳೆದ. ಒಂದು ಬೆರಳು. ಎರಡು ಬೆರಳು. ಒಂದು ಗೇಣು. ಅವಳ ಹಿಮ್ಮಡಿಯ ಹತ್ತಿರ ಬಿಟ್ಟು, ಕಾಲು ಹಿಂದೆ ತೆಗೆದುಕೊಂಡ. ಅಲೆ ಉಳಿದ ಕೆಲಸ ಮಾಡಿತು.

ಬಾಣಂತಿ ಬಗ್ಗಿದಳು. ಆಮೇಲೆ ಒಂದು ಕೂಗು. ಅಂಥ ಕೂಗು ಆ ದಡದಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು. ಸಾಲು ಒಡೆಯಿತು. ಜನ ಸುತ್ತ ನೆರೆದರು. ಮುಟ್ಟಿ ನೋಡಿದರು, ಮೂಸಿ ನೋಡಿದರು. ಮಕ್ಕಳಿಗೆ ಚಿಪ್ಪು ಎಂದರೆ ಏನೆಂದು ಗೊತ್ತಿರಲಿಲ್ಲ, ತೋರಿಸಿದರು. ಅವಳನ್ನು ಹಿಡಿದುಕೊಂಡು ಮರಳಿಗೆ ಕರೆದುಕೊಂಡು ಹೋಗಿ ಕೂರಿಸಿದರು.

ದಡದ ಯಜಮಾನ ಮಾತ್ರ ಹೋಗಲಿಲ್ಲ. ಶಂಖದ ನಂತರ ಕಣ್ಣು ಮುಚ್ಚದವನು ಅವನೊಬ್ಬನೇ.

"ಹಗ್ಗದವನೇ, ನಿನ್ನ ಕಾಲಿಗೆ ಇವತ್ತು ಎಂತ ತಾಗಿತು?"

"ಎಂತದೂ ಇಲ್ಲ."

ಯಜಮಾನ ಅವನನ್ನು ನೋಡಿದ. ಶಂಖವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಜನ ಬಾಣಂತಿಯನ್ನು ಮನೆಗೆ ಕರೆದುಕೊಂಡು ಹೋದರು. ದಡ ಖಾಲಿಯಾಯಿತು. ನೀರಿನ ತುಂಬ ತೊಟ್ಟೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಹಗ್ಗದವನು ಕಡಲಿನ ಕಡೆ ತಿರುಗಿ ನಿಂತ. ಕಣ್ಣು ಬಿಟ್ಟು, ಅಲೆ ಮುರಿಯುವ ಜಾಗವನ್ನು ನೋಡಿದ. ಏನೂ ಕಾಣಲಿಲ್ಲ. ಅವಳನ್ನು ಕೂರಿಸಲು ಅವನಿಂದ ಆಗಲಿಲ್ಲ. ಕೂಸು ಇಷ್ಟು ಹೊತ್ತಿಗೆ ಅವಳ ಸೊಂಟದಿಂದ ಇಳಿದು ಒಳಗೆ ಹೋಗಿರಬೇಕು.

"ಇನ್ನು ಮಂಡಿ ಹಿಡ್ಕೊಂಡು ನಿಲ್ಲು," ಅವನು ಹೇಳಿದ. "ಎರಡೂ ಕೈ ಖಾಲಿ ಉಂಟಲ್ಲ ಈಗ."